ಗೋಡೆಯ ಮೇಲೆ ಬಂದು ಕೂತ ಅಳಿಯಂದಿರು

ನಮ್ಮ ಅತ್ತೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಯಾವ ಆಸ್ಪತ್ರೆಗೆ ಸೇರಿಸಬೇಕು ಎಂದು ತೀರ್ಮಾನಿಸಿದವರು ಹುಲ್ಲಹಳ್ಳಿಯ ಅಳಿಯಂದಿರು. ನಾವಿರುವುದು ಟಿ. ನರಸೀಪುರದಲ್ಲಿ. ಬಿದ್ದದ್ದು ನಮ್ಮ ಮನೆಯಲ್ಲಿ, ಎತ್ತಿ ಕಾರಿನಲ್ಲಿ ಮಲಗಿಸಿದವರು ನಾವು, ಮುಂದೆ ನೋಡಿಕೊಳ್ಳಬೇಕಾದವಳು ನಾನು. ಆದರೆ ಈ ಮನೆಯ ದೊಡ್ಡ ತೀರ್ಮಾನಗಳೆಲ್ಲ ಹುಲ್ಲಹಳ್ಳಿಯ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಬರುವುದು. ಅತ್ತೆಗೆ ಇರುವವಳು ಒಬ್ಬಳೇ ಮಗಳು. ಅವಳ ಗಂಡ ಒಂದು ಮಾತು ಹೇಳಿದರೆ ನನ್ನ ಯಜಮಾನರು ಅದನ್ನು ತಾಲ್ಲೂಕು ಕಚೇರಿಯ ಆದೇಶ ಎಂದುಕೊಳ್ಳುತ್ತಾರೆ.

"ನಂಜನಗೂಡಿಗೆ ಸೇರ್ಸಿ ಭಾವ. ನಮಗೂ ಅತ್ರ. ಬೈಕ್ ಅತ್ತುದ್ರೆ ಅರ್ಧ ಗಂಟೆ. ನಾವೂ ಬಂದು ಓಗಿ ಮಾಡ್ಬೋದು," ಎಂದರು ಅಳಿಯಂದಿರು ಫೋನಿನಲ್ಲಿ.

ಸೇರಿಸಿದೆವು. ಹತ್ತಿರ ಎಂದು ಹೇಳಿದ ಆ ಮಹಾಶಯರು ಆಮೇಲೆ ಬೈಕೂ ಹತ್ತಲಿಲ್ಲ, ಬಸ್ಸೂ ಹತ್ತಲಿಲ್ಲ. ಹತ್ತುವ ಅಗತ್ಯವೇ ಬೀಳಲಿಲ್ಲ. ಯಾಕೆಂದರೆ ಆ ನರ್ಸಿಂಗ್ ಹೋಮಿನ ಸ್ಪೆಷಲ್ ವಾರ್ಡಿನಲ್ಲಿ ಒಂದೊಂದು ಮಂಚದ ಎದುರಿಗೂ ಗೋಡೆಯ ಮೇಲೆ ಒಂದೊಂದು ಕ್ಯಾಮೆರಾ ಇತ್ತು.

ಬೆಳ್ಳಗೆ, ದುಂಡಗೆ, ಒಂದು ದೊಡ್ಡ ಕಣ್ಣಿನ ಕ್ಯಾಮೆರಾ. ಮ್ಯಾನೇಜರ್ ಎನ್ನುವವನು ಅದನ್ನು ಹೊಸ ಫ್ರಿಜ್ ತೋರಿಸುವ ಹಾಗೆ ತೋರಿಸಿದ. ಪೇಷೆಂಟ್ ಬೀಳಬಾರದು, ನರ್ಸ್ ಮಲಗಬಾರದು, ಮನೆಯವರು ಎಲ್ಲಿದ್ದರೂ ಮೊಬೈಲಿನಲ್ಲಿ ನೋಡಬಹುದು, ಬೇಕಾದ ಕಡೆ ಕತ್ತು ತಿರುಗಿಸಬಹುದು, ಪಾಸ್‌ವರ್ಡ್ ಇದ್ದರೆ ಸಾಕು. ದನಿ ಮಾತ್ರ ಕೇಳಿಸುವುದಿಲ್ಲ ಎಂದ. ಯಾಕೆ ಎಂದು ಕೇಳಿದೆ.

"ಪೇಷೆಂಟ್‌ದು ಪ್ರೈವೆಸಿ ಅಂತ ಇರ್ತದಲ್ಲ ಮೇಡಂ," ಎಂದ, ತುಂಬ ಗಂಭೀರವಾಗಿ.

ಅಂದರೆ ಆ ಹೆಣ್ಣುಮಗಳು ನರಳುವುದು ಕೇಳಿಸಬಾರದು, ಹಿಂದುಗಡೆ ಗುಂಡಿಯಿಲ್ಲದ ಆಸ್ಪತ್ರೆಯ ಗೌನಿನಲ್ಲಿ ಮಗ್ಗುಲಾಗುವುದು ಕಾಣಿಸಬಹುದು. ಇಷ್ಟು ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಲೆಕ್ಕ ತಪ್ಪಿದರೆ ಸುಮ್ಮನಿರುವ ಜಾಯಮಾನದವಳಲ್ಲ. ಆದರೆ ಅವತ್ತು ಅತ್ತೆಯ ನೋವು ನೋಡಲಾಗದೆ ಬಾಯಿ ಮುಚ್ಚಿಕೊಂಡಿದ್ದೆ. ಯಜಮಾನರು ಅಲ್ಲೇ ನಿಂತು ಪಾಸ್‌ವರ್ಡನ್ನು ತಂಗಿಗೆ ಕಳಿಸಿದರು, ತಂಗಿಯ ಗಂಡನಿಗೆ ಬೇರೆಯಾಗಿ ಕಳಿಸಿದರು. ಹೆಂಡತಿಗೆ ಕಳಿಸಿ ತನಗೆ ಕಳಿಸಲಿಲ್ಲ ಎಂದು ಅಳಿಯ ಬೇಜಾರು ಮಾಡಿಕೊಂಡರೆ ಎಂಬ ಭಯ. ತಂಗಿ ಸೋಸಲೆಯ ನೆಂಟರಿಗೆಲ್ಲ ಹಂಚಿದಳು.

ಆಪರೇಷನ್ ಆಯಿತು. ರಾಡ್ ಹಾಕಿದ್ದೇವೆ, ನಾನು ಹೇಳುವ ತನಕ ಆ ಕಾಲಿನ ಮೇಲೆ ಭಾರ ಬಿಡಬಾರದು, ಹೇಳಿದ ಹಾಗೆ ಕೇಳಿದರೆ ವಾಕರ್ ಹಿಡಿದು ನಡೆಯುತ್ತಾರೆ ಎಂದರು ಡಾಕ್ಟರು. ಅತ್ತೆ ಅವರಿಗೆ ಕೈ ಮುಗಿದರು.

"ಕೆಲ್ಸಗಿಲ್ಸ ಏನೂ ಬ್ಯಾಡ ಕಣಪ್ಪ ನಂಗೆ. ಕಕ್ಕಸಿಗೆ ಒಬ್ಳೇ ಓಗ್ಬರಂಗಾದ್ರೆ ಸಾಕು. ಇನ್ನೊಬ್ರ ಕೈಲಿ ಅದ ಮಾಡ್ಸದೊಂದು ಬ್ಯಾಡ."

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ನಮ್ಮ ಅತ್ತೆ ಜೀವಮಾನದಲ್ಲಿ ನನ್ನೊಡನೆ ಎಷ್ಟು ಜಗಳವಾಡಿದ್ದಾರೋ ಲೆಕ್ಕವಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಜಗಳ, ಕಡಿಮೆಯಾದರೂ ಜಗಳ. ಆದರೆ ಬೆಡ್‌ಪ್ಯಾನ್ ಇಡುವಾಗ ಅವರು ಕಣ್ಣು ಮುಚ್ಚಿಕೊಂಡು ಮುಖ ಗೋಡೆಗೆ ತಿರುಗಿಸುತ್ತಿದ್ದರಲ್ಲ, ಆಗ ನನಗೆ ಈ ಹೆಂಗಸು ಎದ್ದು ನಡೆದು ಬಂದು ನನ್ನ ಜೊತೆ ಇನ್ನೂ ಹತ್ತು ಜಗಳ ಆಡಲಿ ಅನ್ನಿಸುತ್ತಿತ್ತು.

ನಮ್ಮ ಕಡೆ ಆಸ್ಪತ್ರೆ ಸೇರಿದವರನ್ನು ನೋಡಿಕೊಂಡು ಬರುವುದು ಎಂದರೆ ಸಣ್ಣ ವಿಷಯವಲ್ಲ. ಬ್ರೆಡ್ಡು, ಕಿತ್ತಳೆ, ಎಳನೀರು ಹಿಡಿದು ಬಂದು, ಮಂಚದ ಪಕ್ಕ ನಿಂತು, ಹೇಗೆ ಬಿದ್ದೆ ಎಂದು ಕೇಳಿ, ಇನ್ಯಾರೋ ಹೀಗೇ ಬಿದ್ದು ಸತ್ತ ಕಥೆ ಹೇಳಿ, ಅವರು ತಂದ ಎಳನೀರನ್ನೇ ಅವರಿಗೆ ಕುಡಿಸಿ ಕಳಿಸುವ ತನಕ ಅದು ಮುಗಿಯುವುದಿಲ್ಲ. ನಾನು ಅದನ್ನು ಆಡಿಕೊಂಡು ನಗುತ್ತಿದ್ದವಳೇ. ಈ ಸಲ ಒಬ್ಬರೂ ಬರಲಿಲ್ಲ. ಸೋಸಲೆಯವರು ಫೋನ್ ಮಾಡಿ, "ನೋಡುದ್ವು ಕಣವ್ವ, ಬೆಳಗ್ಗೆನೂ ನೋಡುದ್ವು, ಈಗ್ಲೂ ನೋಡ್ತಾ ಇದ್ದೀವಿ. ಚೆನ್ನಾಗವ್ಳೆ," ಎಂದರು. ನೋಡಿದ್ದಾಯಿತಲ್ಲ, ಇನ್ನು ಬರುವುದೇಕೆ! ಬಸ್ಸಿನ ಧೂಳಿಲ್ಲ, ಕಿತ್ತಳೆಯ ಖರ್ಚಿಲ್ಲ, ಕರ್ತವ್ಯ ಮಾತ್ರ ಸಂಪೂರ್ಣ.

ಬರದೇ ಇದ್ದವರು ಬಂದು ನೋಡುವವರಿಗಿಂತ ಹೆಚ್ಚು ನೋಡಿದರು, ಅದೂ ಅತ್ತೆಯನ್ನಲ್ಲ, ನನ್ನನ್ನು. ನಾನು ಇಡ್ಲಿ ತಿನ್ನಿಸಿ ಕೈ ತೊಳೆಯುವಷ್ಟರಲ್ಲಿ ನಾದಿನಿಯ ಫೋನು.

"ಅತ್ಗೆ, ಅವ್ವಂಗೆ ಎಲ್ಡೇ ಇಡ್ಲಿಯಾ ಕೊಟ್ಟುದ್ದು?"

"ಅವರೇ ಸಾಕು ಅಂದರು."

"ಅವ್ರು ಅಂಗೇ ಅಂತಾರೆ. ಬಲವಂತ ಮಾಡ್ಬೇಕು. ಆಮೇಕೆ ಅತ್ಗೆ, ನೀವು ಮೊಬೈಲ್ ನೋಡ್ಕಂಡು ಕುಂತಿದ್ರಲ್ಲ, ಅವಾಗ ಅವ್ವ ಕೈ ಎತ್ತುದ್ರು. ನೀವು ನೋಡ್ಲೇ ಇಲ್ಲ."

ನಾನು ಮೊಬೈಲಿನಲ್ಲಿ ನೋಡುತ್ತಿದ್ದದ್ದು ಹತ್ತನೇ ತರಗತಿಯ ಮಕ್ಕಳ ಪರೀಕ್ಷೆಯ ವೇಳಾಪಟ್ಟಿ. ಅವಳು ಮೊಬೈಲಿನಲ್ಲಿ ನೋಡುತ್ತಿದ್ದದ್ದು ನಾನು ಮೊಬೈಲು ನೋಡುವುದನ್ನು. ಇಬ್ಬರಲ್ಲಿ ತಪ್ಪಿತಸ್ಥಳು ನಾನು. ಹಡೆದ ತಾಯಿಯ ಮೇಲೆ ಅಷ್ಟು ಪ್ರೀತಿ ಉಕ್ಕುತ್ತಿದ್ದರೆ ಅರ್ಧ ಗಂಟೆ ಪ್ರಯಾಣ ಮಾಡಿ ಬಂದು ಮೂರನೆಯ ಇಡ್ಲಿ ತಾನೇ ತಿನ್ನಿಸಬಹುದಿತ್ತು. ಹಾಗೆಂದು ಹೇಳಿಯೂಬಿಟ್ಟೆ. ಒಂದಿಡೀ ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನೋಡುವುದನ್ನು ಮಾತ್ರ ಬಿಡಲಿಲ್ಲ.

ಆ ವಾರ್ಡಿನಲ್ಲಿ ಎಲ್ಲರಿಗೂ ಈ ಕ್ಯಾಮೆರಾ ಬೇಸರ ತಂದಿತ್ತು ಎಂದರೆ ಸುಳ್ಳಾಗುತ್ತದೆ. ಪಕ್ಕದ ರೂಮಿನ ಮುದುಕರೊಬ್ಬರು ಬೆಳಗ್ಗೆ ಎದ್ದ ಕೂಡಲೇ ತಲೆ ಬಾಚಿಸಿಕೊಂಡು, ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು ಕ್ಯಾಮೆರಾಕ್ಕೆ ಕೈ ಬೀಸುತ್ತಿದ್ದರು. ಮೊಮ್ಮಕ್ಕಳು ನೋಡುತ್ತಾರಂತೆ. ನೋಡುತ್ತಿದ್ದರೋ ಇಲ್ಲವೋ, ಆ ಮುದುಕರಿಗೆ ಅದೇ ಔಷಧಿ. ಹದಿನಾರು ಎಂಬ ಊರಿನಿಂದ ಬಂದಿದ್ದ ಬಾಣಂತಿಯ ತಾಯಿಯೊಬ್ಬರು ಮಾತ್ರ ಬಂದ ದಿನವೇ ಅದರ ಮೇಲೆ ಮಗುವಿನ ಲಂಗೋಟಿ ಒಣಹಾಕಿದ್ದರು. ಮ್ಯಾನೇಜರ್ ಕೂಗಾಡಿದ್ದಕ್ಕೆ, "ನನ್ ಮಗ್ಳು ಆಲು ಕುಡ್ಸದ ನೋಡಕೆ ನೀನ್ಯಾರ್ಲಾ?" ಎಂದು ಅವನ ಜನ್ಮ ಜಾಲಾಡಿಬಿಟ್ಟರು. ಅವರ ರೂಮಿನ ಕ್ಯಾಮೆರಾ ಮಾರನೆಯ ದಿನ ಕೆಟ್ಟುಹೋಯಿತು. ಅಂಥ ಬಾಯಿ ನನಗೂ ಇತ್ತು. ಆದರೆ ನಾನು ಸೊಸೆ. ಸೊಸೆ ಬಟ್ಟೆ ಮುಚ್ಚಿದರೆ ಅದರ ಅರ್ಥವೇ ಬೇರೆ.

ಅತ್ತೆಗೆ ಮೊದಮೊದಲು ಅದು ಏನೆಂದೇ ಗೊತ್ತಿರಲಿಲ್ಲ. ದೀಪವೋ ಏನೋ ಎಂದುಕೊಂಡಿದ್ದರು. ನಾನೂ ಹೇಳಲಿಲ್ಲ. ಹೇಳಿದವಳು ಮಗಳು, ಅದೂ ಹೆಮ್ಮೆಯಿಂದ. ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದಿದ್ದೆ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಅವ್ವ, ನಿಮ್ಮಳಿಯ ನಿನ್ನ ದಿನಾ ನೋಡ್ತಾರೆ. ಅಂಗ್ಡೀಲಿ ಕುಂತಿದ್ದಂಗೇ ನೋಡ್ತಾರೆ. ಗೋಡೆ ಮ್ಯಾಲೆ ಬೆಳ್ಳಗೆ ಅದೆಯಲ್ಲ, ಅದು ಕತ್ತು ತಿರುಗುಸ್ತು ಅಂದ್ರೆ ಅವ್ರೇ ಅಂತ ತಿಳ್ಕ."

ಅತ್ತೆಯ ಮುಖದ ಬಣ್ಣ ಹೋಯಿತು.

ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ. ಮಲಗಿರುವುದಂತೂ ದೂರದ ಮಾತು. ನಾದಿನಿಯ ಮದುವೆಯಾದ ಮೇಲೆ ಈ ಅಳಿಯ ನಮ್ಮ ಮನೆಗೆ ಬಂದಾಗಲೆಲ್ಲ ನಮ್ಮ ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೇ ಇರುತ್ತಿದ್ದರು. ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದ ಕೂಡಲೇ ಕುಕ್ಕರಗಾಲಿನಲ್ಲಿ ಕೂತವರು ಏಳಬೇಕು, ಸೆರಗು ಹೊದೆಯಬೇಕು. ಜ್ವರ ಬಂದಾಗಲೂ ಎದ್ದಿದ್ದಾರೆ. ಅವನು ಊಟ ಮಾಡಿ, ಅಡಿಕೆ ಹಾಕಿಕೊಂಡು, ಟಿವಿಯಲ್ಲಿ ಕ್ರಿಕೆಟ್ ನೋಡಿ, ಒಂದು ನಿದ್ದೆ ತೆಗೆದು ಹೊರಡುವ ತನಕ ಈ ಹೆಂಗಸು ನಿಂತು ನಿಂತು ಮೊಣಕಾಲು ಹಿಡಿದುಹೋಗಿ, ಆಮೇಲೆ ನಾನು ಎಣ್ಣೆ ತಿಕ್ಕಬೇಕಾಗುತ್ತಿತ್ತು. "ಅತ್ತೆಮ್ಮ, ಕುಂತ್ಕಳಿ" ಎಂದು ಒಂದು ದಿನವಾದರೂ ಆ ಪುಣ್ಯಾತ್ಮನ ಬಾಯಲ್ಲಿ ಬಂದದ್ದನ್ನು ನಾನು ಕೇಳಲಿಲ್ಲ. ತನಗಾಗಿ ಒಬ್ಬರು ನಿಂತಿರುವುದು ಅವನಿಗೆ ರುಚಿಯಾಗಿತ್ತು.

ಈಗ ಅಂಥ ಅಳಿಯ ಮಂಚದ ಎದುರಿನ ಗೋಡೆಯ ಮೇಲೆ ಹಗಲೂ ರಾತ್ರಿ ಕೂತಿದ್ದಾನೆ ಎಂದು ಗೊತ್ತಾದರೆ ಆ ಜೀವ ಏನು ಮಾಡಬೇಕು? ಅವತ್ತಿನಿಂದ ಬೆಡ್‌ಪ್ಯಾನ್ ಬೇಡ ಎಂದರು. ನೀರು ಕುಡಿಯುವುದು ಬಿಟ್ಟರು, ಕುಡಿದರೆ ಹೋಗಬೇಕಾಗುತ್ತದಲ್ಲ. ನರ್ಸ್ ಗಾಯದ ಬಟ್ಟೆ ಬದಲಾಯಿಸಲು ಬಂದರೆ ಗೌನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಕ್ಯಾಮೆರಾ 'ಝೂಂಯ್' ಎಂದು ಸಣ್ಣಗೆ ಸದ್ದು ಮಾಡಿ ಕತ್ತು ತಿರುಗಿಸಿದರೆ ಸಾಕು, ಹೊದಿಕೆಯನ್ನು ಹೆಗಲ ಮೇಲೆ ಎಳೆದುಕೊಂಡು, ಮೊಣಕೈ ಊರಿ ಏಳಲು ನೋಡುವರು.

"ಅಳಿಯಂದ್ರು ಬಂದ್ರು ಕಣವ್ವ. ಎತ್ತು ನನ್ನ."

"ಯಾರೂ ಬಂದಿಲ್ಲ ಅತ್ತೆ. ಅದು ಮೆಷಿನ್ನು. ಮಲಗಿ."

"ಬಂದವ್ರೆ. ನೋಡು, ನನ್ ಕಡೀಕೇ ನೋಡ್ತಾವ್ರೆ."

ನಿಜವೇ. ಅದು ಅವರ ಕಡೆಗೇ ನೋಡುತ್ತಿತ್ತು. ನಾನು ಹೇಳಿದ್ದು ಸುಳ್ಳು, ಅವರು ಹೇಳಿದ್ದೇ ಸರಿ.

ಮ್ಯಾನೇಜರನನ್ನು ಕೇಳಿದೆ, ಇದನ್ನು ಆಫ್ ಮಾಡಿ ಎಂದೆ. "ಪೇಷೆಂಟ್ ಸೇಫ್ಟಿ ಮೇಡಂ," ಎಂದ. ಬಾಣಂತಿಯ ರೂಮಿನದು ಕೆಟ್ಟಿರುವ ಹಾಗೆ ಇದೂ ಕೆಡಲಿ ಎಂದೆ. ನಕ್ಕ. ಡಾಕ್ಟರನ್ನು ಕೇಳಿದೆ. ಅವರಿಗೆ ಮೂಳೆ ಬಿಟ್ಟು ಬೇರೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಕೊನೆಗೆ ಯಜಮಾನರಿಗೆ ಫೋನ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ನಿಮ್ಮ ಭಾವಮೈದುನನಿಗೆ ಕೊಡಬೇಡಿ ಎಂದೆ.

"ಅದೆಂಗಾಯ್ತದೆ ಮಾರಾಯ್ತಿ? ಮನೆ ಅಳಿಯ. ನಮ್ಮನ್ನ ನಂಬ್ಲಿಲ್ಲ ಅಂತ ಅಂದ್ಕತಾನೆ. ಅವ್ವಂಗೆ ನೀನೇ ಸ್ವಲ್ಪ ತಿಳ್ಸೇಳು."

ಮೇಷ್ಟ್ರ ಕೆಲಸ ಮಾಡುವವಳಿಗೆ ಎಲ್ಲರೂ ಹೇಳುವುದು ಇದನ್ನೇ: ತಿಳಿಸಿ ಹೇಳು. ಹೆಣ್ಣುಮಗಳೊಬ್ಬಳು ಮೂತ್ರ ಕಟ್ಟಿಕೊಂಡು ಮಲಗಿದ್ದಾಳೆ, ಅವಳಿಗೆ ತಿಳಿಸಿ ಹೇಳಬೇಕಂತೆ. ಗೊಬ್ಬರದ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ ತಿಳಿಸಿ ಹೇಳುವ ಧೈರ್ಯ ಇವರ ವಂಶದಲ್ಲಿ ಯಾರಿಗೂ ಇಲ್ಲ. ತಲೆ ಕೆಟ್ಟು, ಸ್ಟೂಲು ಹತ್ತಿ, ಕ್ಯಾಮೆರಾದ ಮೇಲೆ ನನ್ನ ಟವೆಲ್ ಎಸೆದೆ. ಅತ್ತೆ ಆ ಮರೆಯಲ್ಲಿ ಬೆಡ್‌ಪ್ಯಾನ್ ತೆಗೆದುಕೊಂಡರು. ಅಷ್ಟು ಹೊತ್ತು ತಡೆದಿದ್ದರೋ ಏನೋ, ಕಣ್ಣಲ್ಲಿ ನೀರು ಬಂತು ಅವರಿಗೆ. ನಾನು ಅದನ್ನು ತೊಳೆದು ತರುವ ಮೊದಲೇ ನಾದಿನಿಯ ಫೋನು ಬಂತು.

"ಅತ್ಗೆ, ಕಾಣ್ತಾನೇ ಇಲ್ಲ! ಮುಚ್ಕಂಡು ಏನ್ ಮಾಡ್ತಾ ಇದ್ದೀರಿ ನಮ್ಮವ್ವಂಗೆ?"

ಅದರ ಹಿಂದೆಯೇ ಮ್ಯಾನೇಜರ್ ಬಂದ. ಟವೆಲ್ ತೆಗೆದ. ಮನೆಯವರೇ ಕಂಪ್ಲೇಂಟ್ ಮಾಡಿದ್ದಾರೆ ಮೇಡಂ, ಹಾಗೆಲ್ಲ ಮುಚ್ಚಬಾರದು ಎಂದ. ಮನೆಯವರು! ಹಾಗಾದರೆ ಮಂಚದ ಪಕ್ಕ ಬೆಡ್‌ಪ್ಯಾನ್ ಹಿಡಿದು ನಿಂತಿರುವ ನಾನು ಯಾರೋ.

ಆ ದಿನ ಮಧ್ಯಾಹ್ನ ಒಂದು ಇಂಜೆಕ್ಷನ್ ತರಬೇಕಿತ್ತು. ಔಷಧಿ ಅಂಗಡಿ ಕೆಳಗಡೆ. ಅತ್ತೆ ಕಣ್ಣು ಮುಚ್ಚಿದ್ದರು. ಮಂಚದ ಎರಡೂ ಕಡೆಯ ಕಂಬಿಗಳನ್ನು ಎತ್ತಿ ಹಾಕಿ, ನರ್ಸಿಗೆ ಹೇಳಿ ಇಳಿದೆ. ನರ್ಸ್ ಪಕ್ಕದ ರೂಮಿನಲ್ಲಿ ಕೈ ಬೀಸುವ ಮುದುಕರಿಗೆ ಡ್ರಿಪ್ ಹಾಕುತ್ತಿದ್ದಳು. ನಾನು ಇಂಜೆಕ್ಷನ್ ಹಿಡಿದು ಮೆಟ್ಟಿಲು ಹತ್ತುತ್ತಿರುವಾಗ ಫೋನ್ ಬಂತು. ಅಳಿಯಂದಿರದು.

"ಅಕ್ಕ, ಎಲ್ಲೋಗಿದ್ದೀರಿ ನೀವು? ಅತ್ತೆಮ್ಮ ಬಿದ್ದೋದ್ರು. ನಾನು ನೋಡ್ತಾ ಇವ್ನಿ."

ನೋಡುತ್ತಾ ಇದ್ದರಂತೆ. ಆಸ್ಪತ್ರೆಯಲ್ಲಿ ನನಗಿಂತ ಮೊದಲು, ನರ್ಸಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು ತಿಳಿದದ್ದು ಹುಲ್ಲಹಳ್ಳಿಯಲ್ಲಿ ಯೂರಿಯಾ ಮೂಟೆಗಳ ನಡುವೆ ಕೂತವರಿಗೆ. ಅಂಗಡಿಗೆ ಬಂದಿದ್ದ ಗಿರಾಕಿಗಳೂ ನೋಡಿದರಂತೆ. ಹಾಗೆ ನೋಡಿದವರಲ್ಲಿ ಒಬ್ಬರಿಗೂ ಕೈ ಚಾಚಿ ಹಿಡಿಯಲಾಗಲಿಲ್ಲ. ನಾನು ಓಡಿ ಹೋದಾಗ ಅತ್ತೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಆಪರೇಷನ್ ಆದ ಕಾಲು ನೋಡಬಾರದ ಹಾಗೆ ತಿರುಗಿಕೊಂಡಿತ್ತು. ಕೂಗುತ್ತಿರಲಿಲ್ಲ. ಒಂದು ಕೈಯಲ್ಲಿ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದರು. ಮೇಲೆ ಕ್ಯಾಮೆರಾ ಅವರತ್ತಲೇ ಬಗ್ಗಿತ್ತು.

ಮಾರನೆಯ ದಿನ ಎಲ್ಲರೂ ಬಂದರು. ಯಜಮಾನರು ಬಂದರು, ನಾದಿನಿ ಬಂದಳು, ಅಳಿಯಂದಿರು ಬಂದರು, ಸೋಸಲೆಯವರು ಬಂದರು. ಬಿದ್ದ ಮೇಲೆ ಬೈಕು, ಬಸ್ಸು ಎಲ್ಲ ಸಿಕ್ಕವು. ಅತ್ತೆಯನ್ನು ಇನ್ನೊಂದು ಎಕ್ಸ್‌ರೇ ತೆಗೆಯಲು ಒಳಗೆ ಕರೆದುಕೊಂಡು ಹೋಗಿದ್ದರು. ಅಳಿಯಂದಿರು ನರ್ಸಿನ ಮೇಲೆ, ಮ್ಯಾನೇಜರನ ಮೇಲೆ ಕೂಗಾಡಿ, ನಡುನಡುವೆ ನನ್ನತ್ತಲೂ ಕಣ್ಣು ಕೆಂಪಗೆ ಮಾಡಿ ನೋಡಿದರು. ಮ್ಯಾನೇಜರ್ ಹೆದರಲಿಲ್ಲ. ನಮ್ಮನ್ನೆಲ್ಲ ತನ್ನ ರೂಮಿಗೆ ಕರೆದು ಟಿವಿ ಹಾಕಿದ. ನಮ್ಮ ಹತ್ತಿರ ರೆಕಾರ್ಡಿಂಗ್ ಇದೆ, ತಪ್ಪು ಯಾರದು ನೀವೇ ನೋಡಿ ಎಂದ.

ಮೊದಲು ಕಿಟಕಿ ಕಂಡಿತು. ಆಮೇಲೆ ಚಿತ್ರ ತಾನಾಗಿ ಸರಿಯಿತು: ಕಿಟಕಿಯಿಂದ ಖಾಲಿ ಸ್ಟೂಲಿಗೆ, ಸ್ಟೂಲಿನಿಂದ ಬಾಗಿಲಿಗೆ, ಅಲ್ಲಿಂದ ಮಂಚಕ್ಕೆ. ಯಾರೋ ನನ್ನನ್ನು ಹುಡುಕುತ್ತಿದ್ದರು. ಮಂಚದ ಮೇಲೆ ಅತ್ತೆ ಕಣ್ಣು ಬಿಟ್ಟರು. ನೇರವಾಗಿ ನಮ್ಮತ್ತ ನೋಡಿದರು, ಕೂಡಲೇ ಕಣ್ಣು ತಗ್ಗಿಸಿದರು. ಹೊದಿಕೆಯನ್ನು ಎಳೆದು ಎರಡೂ ಹೆಗಲ ಮೇಲೆ ಸೆರಗಿನ ಹಾಗೆ ಹೊದ್ದುಕೊಂಡರು. ಕಂಬಿಯನ್ನು ಅಲುಗಿಸಿ ಅಲುಗಿಸಿ ಕೆಳಗಿಳಿಸಿದರು. ಒಂದು ಕಾಲು, ಇನ್ನೊಂದು ಕಾಲು. ಆಮೇಲೆ ಎದ್ದು ನಿಂತರು. ನೆಟ್ಟಗೆ, ತಲೆ ತಗ್ಗಿಸಿಕೊಂಡು, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವ ಹಾಗೆಯೇ. ಬಾಯಿ ಆಡಿತು. ದನಿ ಇರಲಿಲ್ಲ, ಪ್ರೈವೆಸಿ! ಆದರೆ ನನಗೆ ಕೇಳಿಸಬೇಕಾದ ಅಗತ್ಯವಿರಲಿಲ್ಲ. ಆ ಮಾತನ್ನು ಬಾಗಿಲ ಹಿಂದಿನಿಂದ ಎಷ್ಟು ಸಲ ಕೇಳಿದ್ದೇನೋ. "ಬನ್ನಿ, ಕುಂತ್ಕಳಿ."

ಆಮೇಲೆ ಬಿದ್ದರು.

"ನೋಡಿದ್ರಲ್ಲ. ಪೇಷೆಂಟೇ ಇಳಿದಿರೋದು. ನಮ್ಮದೇನೂ ಇಲ್ಲ," ಎಂದ ಮ್ಯಾನೇಜರ್.

ಯಜಮಾನರು ನೆಲ ನೋಡುತ್ತಿದ್ದರು. ನಾದಿನಿ ಅಳುತ್ತಿದ್ದಳು. ಅಳಿಯಂದಿರು ಗಂಟಲು ಸರಿಮಾಡಿಕೊಂಡು ಹೇಳಿದರು, "ವಯಸ್ಸಾಯ್ತು ನೋಡಿ. ಬುದ್ಧಿ ಸ್ಥಿಮಿತದಲ್ಲಿಲ್ಲ. ಇಲ್ದಿದ್ರೆ ಸುಮ್‌ಸುಮ್ನೆ ಯಾಕೆ ಏಳ್ತಿದ್ರು?"

"ಸುಮ್ಮನೆ ಅಲ್ಲ. ನೀವು ಬಂದಿರಲ್ಲ, ಅದಕ್ಕೆ ಎದ್ದರು," ಎಂದೆ.

"ನಾನೆಲ್ ಬಂದಿದ್ದೆ ಅಕ್ಕ? ನಾನು ಅಂಗ್ಡೀಲಿದ್ದೆ."

"ಅದನ್ನೇ ಹೇಳುತ್ತಿರುವುದು. ನೀವು ಬರಲೇ ಇಲ್ಲ. ಆದರೂ ಅವರು ಎದ್ದರು."

ಅಳಿಯಂದಿರಿಗೆ ಅರ್ಥವಾಯಿತೋ ಇಲ್ಲವೋ, ಆ ಮುಖದಿಂದ ಏನೂ ಹೇಳುವ ಹಾಗಿರಲಿಲ್ಲ. ಯಜಮಾನರಿಗೆ ಅರ್ಥವಾಯಿತು. ಆದರೆ ಅವರು ಬಾಯಿ ಬಿಟ್ಟು ಹೇಳಿದ್ದು ನನಗೇ: "ಸುಮ್ಕಿರು. ಅಳಿಯನ್ ಕುಟ್ಟೆ ಅಂಗೆಲ್ಲ ಮಾತಾಡ್ಬಾರ್ದು." ಆಸ್ಪತ್ರೆಯವರು ಕೈ ತೊಳೆದುಕೊಂಡರು. ಅಳಿಯಂದಿರು ಕೈ ತೊಳೆದುಕೊಂಡರು. ಕ್ಯಾಮೆರಾ ಇದ್ದುದರಿಂದ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿ ಕಂಡಿತು, ಯಾರ ತಪ್ಪೂ ಕಾಣಲಿಲ್ಲ.

ಅಲ್ಲಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಾಡ್ ಸರಿದಿದೆ, ಹೃದಯ ಇನ್ನೊಂದು ಆಪರೇಷನ್ ತಡೆಯುವುದಿಲ್ಲ, ಮನೆಯಲ್ಲಿ ಮಲಗಿಸಿಕೊಂಡು ನೋಡಿಕೊಳ್ಳಿ ಎಂದರು. ಅತ್ತೆ ಅದನ್ನು ಕೇಳಿಸಿಕೊಂಡರು. ಅಳಲಿಲ್ಲ. ವ್ಯಾನಿನಲ್ಲಿ ನರಸೀಪುರಕ್ಕೆ ಬರುವಾಗ ನನ್ನ ಕೈ ಹಿಡಿದುಕೊಂಡು, "ನಿಂಗೇ ಬಂತಲ್ಲವ್ವ ಎಲ್ಲಾವ," ಎಂದರು. ಸಾರಿನ ಉಪ್ಪಿಗೆ ಜಗಳವಾಡುತ್ತಿದ್ದ ಬಾಯಿಂದ ಅಂಥ ಮೆತ್ತನೆಯ ಮಾತು! ಜಗಳವೇ ಎಷ್ಟೋ ಚೆನ್ನಾಗಿತ್ತು.

ಅವರನ್ನು ಈಗ ನಡುಮನೆಯಲ್ಲಿ ಮಲಗಿಸಿದ್ದೇವೆ. ನಾನು ಶಾಲೆಗೆ ಹೋದಾಗ ನೋಡಿಕೊಳ್ಳಲು ಬೀದಿಯ ಕೊನೆಯ ಮನೆಯ ಹೆಂಗಸು ಬರುತ್ತಾಳೆ. ಒಂದು ಭಾನುವಾರ ಅಳಿಯಂದಿರು ದೊಡ್ಡ ಮನಸ್ಸು ಮಾಡಿ ಬಂದರು, ಬ್ರೆಡ್ಡು, ಕಿತ್ತಳೆ, ಜೊತೆಗೆ ಒಂದು ಡಬ್ಬಿ. ಡಬ್ಬಿಯಲ್ಲಿ ಕ್ಯಾಮೆರಾ. ಆಸ್ಪತ್ರೆಯಲ್ಲಿ ಇದ್ದದ್ದಕ್ಕಿಂತ ಒಳ್ಳೆಯದಂತೆ, ದನಿಯೂ ಬರುತ್ತದಂತೆ. "ಅಕ್ಕ, ನೀವು ನೆಮ್ದಿಯಾಗಿ ಸ್ಕೂಲ್‌ಗೋಗ್ಬೋದು. ನಾವೆಲ್ಲ ನೋಡ್ಕತೀವಿ," ಎಂದು ತಾವೇ ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆದರು. ಅಳಿಯನಿಗೆ ಬೇಡ ಅನ್ನುವುದು ಅತ್ತೆಗೆ ಗೊತ್ತೇ ಇಲ್ಲ. ಮೇಲೆ ಮೊಳೆ ಹೊಡೆಯುವಷ್ಟು ಹೊತ್ತೂ ಅವರ ಮೊಣಕೈ ಹಾಸಿಗೆಯನ್ನು ಒತ್ತುತ್ತಿತ್ತು, ಸೊಂಟ ಏಳುತ್ತಿರಲಿಲ್ಲ. ಅಳಿಯಂದಿರ ಬೈಕು ಬೀದಿ ದಾಟುವ ಮೊದಲೇ ನಾನು ಅದನ್ನು ಕಿತ್ತೆ. ಈಗ ಅದು ಹಿತ್ತಲಿನ ಕೋಳಿಗೂಡಿನ ಎದುರಿಗಿದೆ. ಅವರು ನೋಡುತ್ತಿದ್ದರೆ ನೋಡಿಕೊಳ್ಳಲಿ. ಕೋಳಿಗಳು ಯಾರಿಗೂ ಎದ್ದು ನಿಲ್ಲುವುದಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಬೇಸಿಗೆ ಬಂತು. ನಡುಮನೆಯಲ್ಲಿ ಟೇಬಲ್ ಫ್ಯಾನ್ ಹಾಕಿದೆ. ಅದು 'ಝೂಂಯ್' ಎನ್ನುತ್ತಾ ನಿಧಾನವಾಗಿ ಈ ಗೋಡೆಯಿಂದ ಆ ಗೋಡೆಗೆ ಕತ್ತು ತಿರುಗಿಸಿತು. ಅಡುಗೆಮನೆಯಿಂದ ನೋಡಿದೆ. ಫ್ಯಾನು ತಮ್ಮತ್ತ ತಿರುಗಿದಾಗಲೆಲ್ಲ ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತಿದ್ದರು. ಮೊಣಕೈ ಊರುತ್ತಿದ್ದರು. ಅದು ಆ ಕಡೆ ತಿರುಗಿದರೆ ತಲೆದಿಂಬಿಗೆ ಬೀಳುತ್ತಿದ್ದರು. ಮತ್ತೆ ಈ ಕಡೆ ತಿರುಗಿದರೆ ಮತ್ತೆ ಮೊಣಕೈ.

ಗಾಳಿ ಅತ್ತೆಯ ಕಾಲ ಬಳಿ ಬೀಸುವ ಹಾಗೆ ಫ್ಯಾನಿನ ಹಿಂದಿನ ಗುಂಡಿ ಒತ್ತಿ ಅದರ ಕತ್ತನ್ನು ನಿಲ್ಲಿಸಿದೆ. ಸಂಜೆ ಕಚೇರಿಯಿಂದ ಬಂದ ಯಜಮಾನರು ಅಂಗಿ ಬಿಚ್ಚಿ ಕುರ್ಚಿಯಲ್ಲಿ ಕೂತು, "ಇದ್ಯಾಕೆ ಒಂದೇ ಕಡೀಕ್ ಬೀಸ್ತಾ ಅದೆ? ಸೆಕೆ," ಎಂದರು.

ಸೆಕೆಯಾದರೆ ಎದ್ದು ಬಂದು ನಿಮ್ಮ ಅವ್ವನ ಪಕ್ಕ ಕೂತುಕೊಳ್ಳಿ ಎಂದೆ.